ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಒಂದು ನಳ ತೊಟ್ಟಿಯನ್ನು 6 ಗಂಟೆಯಲ್ಲಿ ತುಂಬಿಸುತ್ತದೆ, ಇನ್ನೊಂದು 3 ಗಂಟೆಯಲ್ಲಿ. ಎರಡನ್ನೂ ಒಟ್ಟಿಗೆ ಬಿಟ್ಟರೆ? ಈ ಲೆಕ್ಕವನ್ನು ಒಬ್ಬಳು ಹುಡುಗಿ ಖಾಲಿ ಬಿಟ್ಟಿದ್ದಳು. ಪಕ್ಕ ಕೂತು ಜೋರಾಗಿ ಓದಿ ಹೇಳಿದೆ. ಬೆರಳು ಮಡಚಿ, ಬಿಚ್ಚಿ, 'ಎರಡು ಗಂಟೆ' ಅಂದಳು. ತೊಡಕಿದ್ದದ್ದು ಓದಿನಲ್ಲಿ, ಅಂಕ ಹೋಗಿದ್ದು ಗಣಿತದಲ್ಲಿ.

ಒಂದೇ ಪ್ರಶ್ನೆ ಎರಡು ಸಾಮರ್ಥ್ಯ ಕೇಳುತ್ತದೆ ಅಂತ ಒಪ್ಪಿಕೊಂಡು ಅಂಕ ಲೆಕ್ಕ ಹಾಕುವ ಮಾದರಿಗಳಿವೆ. ಇಲ್ಲಿ ಅಂಕ ಅಂದರೆ ಸರಿ ಉತ್ತರಗಳ ಎಣಿಕೆಯಲ್ಲ, ಸಾಮರ್ಥ್ಯದ ಅಂದಾಜು. ಒಳ್ಳೆಯದೇ. ನನ್ನ ತಕರಾರು ಅದರ ಮುಂದಿನ ಹೆಜ್ಜೆಯ ಬಗ್ಗೆ: ಆ ಅಂದಾಜನ್ನು ಯಾವ ದಾರಿಯಲ್ಲಿ ಮಾಡುವುದು?

ಮಗು ಕೊಟ್ಟ ಉತ್ತರಗಳು ಯಾವ ಮಟ್ಟದ ಸಾಮರ್ಥ್ಯಕ್ಕೆ ಜಾಸ್ತಿ ಹೊಂದುತ್ತವೆ ಅಂತ ನೋಡಿ ಅಂಕ ಕೊಡುವುದು ಹಳೆಯ ದಾರಿ. ಪ್ರಶ್ನೆ ಕಡಿಮೆಯಿದ್ದರೆ ಇದು ಎರಡೂ ತುದಿಗೆ ವಾಲುತ್ತದೆ: ಜಾಣರಿಗೆ ಇನ್ನೂ ಹೆಚ್ಚು, ಹಿಂದಿರುವವರಿಗೆ ಇನ್ನೂ ಕಡಿಮೆ. ಎಲ್ಲಾ ಸರಿ ಮಾಡಿದರಂತೂ ಅಂಕ ಅನಂತಕ್ಕೇ ಓಡುತ್ತದೆ! ಈ ವಾಲಿಕೆ ಎಷ್ಟು ಅಂತ ಪರೀಕ್ಷೆಗಳ ಅಳತೆಯ ತಜ್ಞ ಫ್ರೆಡೆರಿಕ್ ಲಾರ್ಡ್ 1983ರಲ್ಲಿ ಲೆಕ್ಕ ಹಾಕಿ ತೋರಿಸಿದರು. 1989ರಲ್ಲಿ ಅದೇ ಕ್ಷೇತ್ರದ ಥಾಮಸ್ ವಾರ್ಮ್ ಅದಕ್ಕೊಂದು ಮದ್ದು ಕೊಟ್ಟರು. ಪ್ರಶ್ನೆಗಳು ಎಲ್ಲಿ ಚೆನ್ನಾಗಿ ಅಳೆಯುತ್ತವೋ ಆ ಕಡೆಗೆ ಅಂಕವನ್ನು ಸ್ವಲ್ಪ ಜಗ್ಗುವುದು, ಅಷ್ಟೇ. ಬೇರೆ ಮಕ್ಕಳ ಸರಾಸರಿಯ ಗೊಡವೆಯೇ ಇಲ್ಲ.

ಸಾಮರ್ಥ್ಯ ಎರಡಾದರೆ ಈ ತಿದ್ದುಪಡಿಯನ್ನು ಒಂದೊಂದಕ್ಕೇ ಬಿಡಿಯಾಗಿ ಮಾಡಿದರೆ ಸಾಲದು. ನಳದ ಲೆಕ್ಕದಂಥ ಪ್ರಶ್ನೆಗಳ ಮೂಲಕ ಓದಿನ ಅಂಕದ ವಾಲಿಕೆ ಗಣಿತದ ಅಂಕಕ್ಕೂ ಸೋರುತ್ತದೆ. ಎರಡನ್ನೂ ಜೊತೆಗೇ ತಿದ್ದಬೇಕು.

ಇನ್ನೊಂದು ದಾರಿ ಬೇಸ್ (Bayes) ವಿಧಾನ: ಮಕ್ಕಳ ಬಗ್ಗೆ ಮೊದಲೇ ಇರುವ ಅಂದಾಜನ್ನೂ ಉತ್ತರಗಳ ಜೊತೆ ಸೇರಿಸಿ ಅಂಕ ಕೊಡುವುದು. ಅದು ಎಲ್ಲರನ್ನೂ ಸರಾಸರಿಯ ಕಡೆಗೆ ಎಳೆಯುತ್ತದೆ. ಓದು, ಗಣಿತ ಜೊತೆಜೊತೆಗೇ ಹೋಗುತ್ತವೆ ಅಂತ ಮೊದಲೇ ನಂಬಿಕೊಂಡಿದ್ದರೆ, ಓದಿನಲ್ಲಿ ಎಡವಿದವಳ ಗಣಿತದ ಅಂಕವನ್ನೂ ಕೆಳಗೆ ಜಗ್ಗುತ್ತದೆ. ಒಟ್ಟಾರೆ ತಪ್ಪು ಕಡಿಮೆ ಆಗುತ್ತದೆ ಅನ್ನುತ್ತಾರೆ. ನಿಜ, ಸಾವಿರಾರು ಮಕ್ಕಳನ್ನು ಒಟ್ಟಿಗೆ ನೋಡಿದರೆ ನಿಜ. ದೇಶದೇಶಗಳ ವಿದ್ಯಾರ್ಥಿಗಳ ಕಲಿಕೆ ಅಳೆಯುವ ಪೀಸಾದಂಥ (PISA) ಸಮೀಕ್ಷೆಗಳ ಲೆಕ್ಕವೇ ಗುಂಪಿಗಾಗಿ ಮಾಡಿದ್ದು, ಒಂದೊಂದು ಮಗುವಿನ ಅಂಕಪಟ್ಟಿಗಲ್ಲ. ಆದರೆ ಅಂಕಪಟ್ಟಿಯಲ್ಲಿ ಇರುವುದು ಒಬ್ಬಳದೇ ಹೆಸರು ಅಲ್ವಾ? ಅವಳು ಬರೆದದ್ದಕ್ಕೆ ಅಂಕ ಕೊಡಬೇಕು, ಅವಳಂಥವರು ಸಾಮಾನ್ಯವಾಗಿ ಏನು ಬರೆಯುತ್ತಾರೆ ಅನ್ನುವುದಕ್ಕಲ್ಲ.

ಹಾಗಂತ ವಾರ್ಮ್ ಮದ್ದು ಪವಾಡವಲ್ಲ. ಅಂಕಗಳ ಏರಿಳಿತ ಬೇಸ್‌ಗಿಂತ ಜಾಸ್ತಿಯೇ ಇರುತ್ತದೆ. ಗಣಿತಕ್ಕೆ ಅಂತ ಐದೇ ಪ್ರಶ್ನೆ ಇಟ್ಟು, ಅದರ ಮೇಲೆ ಬೇರೆ ಬೇರೆ ಸಾಮರ್ಥ್ಯದ ಅಂಕ ಅಂತ ಗ್ರಾಫ್ ಬಿಡಿಸಿ ಕೊಟ್ಟರೆ ಯಾವ ಸೂತ್ರವೂ ಕಾಪಾಡಲ್ಲ. ಮೊದಲು ಓದಿನ ಹಂಗಿಲ್ಲದ ಹತ್ತು ಲೆಕ್ಕ ಜಾಸ್ತಿ ಕೊಡಿ. ಆಮೇಲೆ ಅಂಕದ ಪಕ್ಕದಲ್ಲೇ ಎಷ್ಟು ಹೆಚ್ಚುಕಮ್ಮಿ ಇರಬಹುದು, ಯಾವ ವಿಧಾನ ಬಳಸಿದಿರಿ ಅಂತ ಒಂದು ಸಾಲು ಅಚ್ಚು ಹಾಕಿಸಿ.