ಕಾವಲು ಅಡಿಕೆಗೆ, ದರ್ಶನ ಊರಿಗೆ

ಮನೆಯಂಗಳದಿಂದ ಚಿರತೆ ನಾಯಿ ಎತ್ತಿಕೊಂಡು ಹೋದ ಆ ಸಿಸಿಟಿವಿ ವಿಡಿಯೊ ನಿಮಗೂ ಬಂದಿರುತ್ತದೆ. ಶಿರಸಿಯದೋ ಸಿದ್ದಾಪುರದ್ದೋ ಅಂತ ಗ್ರೂಪಿನಲ್ಲಿ ಇನ್ನೂ ಜಗಳ ನಡೆದಿದೆ. ಎಲ್ಲರೂ ಚಿರತೆ ನೋಡಿದರು. ನಾನು ಉಳಿದದ್ದನ್ನೂ ನೋಡಿದೆ. ಹಿಂಬಾಗಿಲ ಚಿಲಕ, ಚಾಲಿ ಅಡಿಕೆಯ ಮೂಟೆ ಒಟ್ಟಿದ ಮೂಲೆ, ಬೈಕಿನ ನಂಬರು, ನಡುರಾತ್ರಿ ಬಚ್ಚಲಿಗೆ ಹೊರಟ ಅಜ್ಜ. ಕಳ್ಳರಿಗೆ ಇಷ್ಟು ಅನುಕೂಲ ಮಾಡಿಕೊಡುವ ಜಿಲ್ಲೆ ಇನ್ನೊಂದಿಲ್ಲ.

ನಮ್ಮ ಕಡೆ ಕ್ಯಾಮೆರಾ ಬಂದದ್ದೇ ಅಡಿಕೆ ಕಾಯಲಿಕ್ಕೆ. ಈಗ ಅದು ಕಾಯುವುದು ಅಪ್ಪಯ್ಯನನ್ನು. ಮಗ ಬೆಂಗಳೂರಿನ ಆಫೀಸಿನಲ್ಲಿ ಕೂತು ಫೋನ್ ಮಾಡುತ್ತಾನೆ: "ಅಪ್ಪಯ್ಯಾ, ಮೋಡ ಆಜು, ಅಡಕೆ ಒಳಗೆ ಹಾಕು." ಇದು ಸರಿ. ಮರುಗಳಿಗೆ, ಬೆಳಗಿಂದ ಎಷ್ಟನೇ ಕವಳ (ಎಲೆ ಅಡಿಕೆ) ಅದು ಅಂತಾನೆ. ಪಾಪ, ಆ ಮನುಷ್ಯ ಈಗ ಕವಳದ ಸಂಚಿ ಹಿಡಿದು ಕೊಟ್ಟಿಗೆ ಹಿಂದೆ ಹೋಗುತ್ತಾರೆ. ಎಮ್ಮೆಯ ಹತ್ತಿರ ಆ್ಯಪ್ ಇಲ್ಲ. ಕರೆಂಟು ಹೋದ ದಿನವಂತೂ ಮನೆಯಲ್ಲಿ ಹಬ್ಬ. ಜಗುಲಿಯಲ್ಲೇ ಕವಳ!

ಕ್ಯಾಮೆರಾದ ಪಾಸ್‌ವರ್ಡ್ ಯಾರ ಹತ್ತಿರ ಇದೆ? ಕೂರಿಸಲು ಬಂದ ಹುಡುಗನ ಹತ್ತಿರ. ಅವನು ಹೋದ ಮನೆಗಳಿಗೆಲ್ಲ ಅದೇ ಪಾಸ್‌ವರ್ಡ್, ಎಲ್ಲ ಮನೆಯೂ ಅವನ ಫೋನಿನಲ್ಲಿ. ಕೇಳಿದರೆ, "ಸರ್ವಿಸ್‌ಗೆ ಬೇಕಾಗ್ತದೆ ಮಾರಾಯ್ರೇ." ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡವರೂ ಇದ್ದಾರೆ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್, ಅಂದರೆ ಕಳ್ಳ ಸಾಫ್ಟ್‌ವೇರ್, ಇಂಥ ಕ್ಯಾಮೆರಾ, ರೂಟರ್‌ಗಳನ್ನೇ ಹುಡುಕಿ ಒಳಹೊಕ್ಕು, ಅವುಗಳಿಂದಲೇ ದಾಳಿ ಮಾಡಿಸಿ ಟ್ವಿಟರ್, ನೆಟ್‌ಫ್ಲಿಕ್ಸ್ ಸಿಗದ ಹಾಗೆ ಮಾಡಿತ್ತು. ಯೂಸರ್‌ನೇಮಿಗೊಮ್ಮೆ, ಪಾಸ್‌ವರ್ಡಿಗೊಮ್ಮೆ, ಅಡ್ಮಿನ್ ಅಂತ ಎರಡು ಸಲ ಬರೆಯಲು ಬಂದರೆ ಸಾಕಿತ್ತು.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ಲ, ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಿದರು. ಅವರು ಗೆದ್ದುಕೊಟ್ಟದ್ದನ್ನು ನಾವು 'ಫಾರ್ವರ್ಡ್ ಮಾಡಿ' ಅಂತ ಬರೆದು ಹಂಚುತ್ತಿದ್ದೇವೆ.

ತಮಾಷೆ ಸಾಕು. 2025ರಲ್ಲಿ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿಯಿಂದ ಹೆಂಗಸರ ತಪಾಸಣೆಯ ವಿಡಿಯೊ ಹೊರಗೆ ಬಂತು. ಟೆಲಿಗ್ರಾಂನಲ್ಲಿ ಮಾರಿದರು. ದುಡ್ಡು ಕೊಟ್ಟು ಕೊಂಡವರಿದ್ದರು. ತಪಾಸಣೆ ಕೋಣೆಗೆ ಕ್ಯಾಮೆರಾ ಹಾಕಿದ ತಲೆ ಯಾರದ್ದು? ಆ ಹೆಂಗಸರು ಏನು ತಪ್ಪು ಮಾಡಿದ್ದರು? ಒಬ್ಬರ ಮಾನ ಹೋಗುವವರೆಗೂ ನಮಗೆ ಇದು ಬರೀ ಪಾಸ್‌ವರ್ಡಿನ ವಿಷಯ. ಹೇಳಿ ಹೇಳಿ ಸಾಕಾಗಿದೆ.

ಪಾಸ್‌ವರ್ಡ್ ಬದಲಿಸಿ, ಒಟಿಪಿ ಬರುವ ಹಾಗೆ ಮಾಡಿ, ಆ ಹುಡುಗನ ಫೋನಿನಿಂದ ಮನೆಯನ್ನು ತೆಗೆಸಲು ಒಂದು ಕವಳ ಮುಗಿಯುವಷ್ಟು ಹೊತ್ತು ಸಾಕು. ನಮ್ಮೂರಿನಲ್ಲಿ ಯಾರೂ ಮಾಡಿಲ್ಲ. ಎರಡು ಕೊಂಡರೆ ಒಂದು ಫ್ರೀ ಅಂತ ಬಂದ ಮೂರನೆಯ ಕ್ಯಾಮೆರಾವನ್ನು ಮೊಮ್ಮಕ್ಕಳು ಮಲಗುವ ಕೋಣೆಗೆ ಹಾಕಿಸಿದ್ದಾರೆ.