ಎಲ್ಲಿಗೆ ಹೋಗಬೇಕು ಅನ್ನೋದನ್ನೂ ಹೇಳಿ

ಎರಡು ವರ್ಷವಾದರೂ ಮಾತು ಬರದಿದ್ದರೆ ಕಾಯಬೇಡಿ, ಮಗುವನ್ನು ಬೇಗ ತೋರಿಸಿ ಎಂದು ಲೇಖನದಲ್ಲಿ ಬರೆದಿದ್ದೀರಿ. ತುಂಬಾ ಒಳ್ಳೆಯದು. ಆದರೆ ಎಲ್ಲಿ ತೋರಿಸಬೇಕು? ಖಾಸಗಿ ಥೆರಪಿ ಸೆಂಟರ್‌ಗಳ ಫೀಸು ಕೇಳಿಯೇ ಎಷ್ಟೋ ಜನ ಹಿಂದೇಟು ಹಾಕುತ್ತಾರೆ, ಅಲ್ವಾ?

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೇ ಬಂದು ಮಕ್ಕಳನ್ನು ನೋಡುತ್ತದೆ. ಬೆಳವಣಿಗೆ ನಿಧಾನ ಅನಿಸಿದರೆ ಜಿಲ್ಲೆಯ ಡಿಇಐಸಿಗೆ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಯನ್ನು ಬೇಗ ಗುರುತಿಸಿ ನೆರವಾಗುವ ಸರ್ಕಾರಿ ಕೇಂದ್ರಕ್ಕೆ, ಬರೆದುಕೊಡುತ್ತಾರೆ. ಅಲ್ಲಿ ತಪಾಸಣೆ, ಥೆರಪಿ ಉಚಿತ. ನಿಮ್ಮ ಅಂಗನವಾಡಿ ಟೀಚರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ.

ಮಾತು, ಕಿವಿಯ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ಇದೇ ಕೆಲಸ ಮಾಡುತ್ತಿದೆ.

ನನ್ನ ತಂಗಿಯ ಮಗ ಹೆಸರು ಕರೆದರೆ ತಿರುಗುತ್ತಿರಲಿಲ್ಲ. ಬಿಸ್ಕತ್ ಪ್ಯಾಕೆಟ್ ಸದ್ದಿಗೆ ಮಾತ್ರ ಓಡಿ ಬರುತ್ತಿದ್ದ. ಥೆರಪಿಯಲ್ಲಿ ತಂಗಿಗೇ ಕಲಿಸಿದರು: ಚೆಂಡನ್ನು ನಿಮ್ಮ ಮುಖದ ಹತ್ತಿರ ಹಿಡಿಯಿರಿ, ಅವನು ನಿಮ್ಮ ಕಣ್ಣು ನೋಡುವವರೆಗೆ ಕಾಯಿರಿ, ‘ಚೆಂಡು’ ಅಂತ ಹೇಳಿ ಅವನ ಕೈಗೆ ಕೊಡಿ. ಜಾಸ್ತಿ ಕೆಲಸ ನಡೆಯುವುದು ಮನೆಯಲ್ಲೇ. ಅದಕ್ಕೇ ಅಪ್ಪ, ಅಜ್ಜಿಯೂ ಒಮ್ಮೆ ಜೊತೆಗೆ ಹೋಗಿ. ಮಗು ಮನೆಯಲ್ಲಿ ಆಡುವ ವಿಡಿಯೊ ಫೋನಿನಲ್ಲಿರಲಿ, ಡಾಕ್ಟರಿಗೆ ತೋರಿಸಲು ಬೇಕಾಗುತ್ತದೆ.