ಅಪ್ಪ ಬರೆದಿಟ್ಟ ಮುಕ್ಕಾಲು ಎಕರೆ

ನಮ್ಮ ಕಡೆ ರೈತ ತೀರಿಕೊಂಡರೆ ಮಾರನೇ ದಿನವೇ ಫ್ಲೆಕ್ಸ್ ಏಳುತ್ತೆ. ಅನ್ನದಾತ, ಕಾಯಕಯೋಗಿ, ತುಂಬು ಸಂಸಾರದ ಯಜಮಾನ. ಅಪ್ಪ ಹೋದಾಗಲೂ ಊರ ಗೇಟಿನಲ್ಲಿ ಇಷ್ಟೇ ಪದಗಳು ನಿಂತಿದ್ದವು, ಫೋಟೊ ಒಂದೇ ಬೇರೆ. ಓದಿ ನನಗೆ ಅಳು ಬರಲಿಲ್ಲ, ರೇಗಿತು. ಅಪ್ಪನ ಬಗ್ಗೆ ಹೇಳಬೇಕಾದ ಮಾತು ಫ್ಲೆಕ್ಸಿನಲ್ಲಿರಲಿಲ್ಲ, ಪಹಣಿಯಲ್ಲಿತ್ತು.

ಮೊದಲು ಬೇಸಾಯದ ವಿಷಯ ಹೇಳಿಬಿಡ್ತೀನಿ. ನಮ್ಮದು ತಿಪಟೂರು ಸೀಮೆ. ನಾಲ್ಕು ಎಕರೆ ತೆಂಗು, ಎರಡು ಎಕರೆ ಮಳೆ ನಂಬಿದ ರಾಗಿ ಹೊಲ. ಕೊಬ್ಬರಿ ಮಾಡೋರ ಕೈಗೆ ದುಡ್ಡು ಬರೋದು ಹೆಚ್ಚೂಕಮ್ಮಿ ಒಂದು ವರ್ಷ ತಡವಾಗಿ. ಬಲಿತ ಕಾಯಿ ಕೆಡವಿ ಅಟ್ಟಕ್ಕೆ ಏರಿಸಿದರೆ ಹತ್ತು ಹನ್ನೊಂದು ತಿಂಗಳು ಮುಟ್ಟೋ ಹಾಗಿಲ್ಲ. ಒಳಗಿನ ನೀರು ಇಂಗಬೇಕು, ಗಿಟುಕು, ಅಂದರೆ ಒಣಗಿದ ತಿರುಳು, ಕರಟ ಬಿಟ್ಟುಕೊಳ್ಳಬೇಕು, ಅಲ್ಲಾಡಿಸಿದರೆ ಒಳಗೆ ಗುಂಡಿನ ಹಾಗೆ ಉರುಳಬೇಕು. ಅಪ್ಪ ಒಂದೊಂದೇ ಕಾಯಿ ಕಿವಿ ಹತ್ತಿರ ಹಿಡಿದು ಆಡಿಸುತ್ತಿದ್ದ. ಹಸಿ ಅನ್ನಿಸಿದ್ದು ಮತ್ತೆ ಅಟ್ಟಕ್ಕೆ. ಕೈ ಕಟ್ಟಿದಾಗ ಅಕ್ಕಪಕ್ಕದವರು ಹಸಿಕಾಯಿ ಮಾರಿಕೊಳ್ಳುತ್ತಿದ್ದರು, ಅಪ್ಪ ಜಪ್ಪಯ್ಯ ಅಂದರೂ ಮಾರುತ್ತಿರಲಿಲ್ಲ. ಹಬ್ಬಕ್ಕೆ ಹೊಸ ಲಂಗ ಕೇಳಿದರೆ ಮಾತಾಡದೆ ಅಟ್ಟದ ಕಡೆ ಕೈ ತೋರಿಸುತ್ತಿದ್ದ. ಜಿಪುಣ ಅಂತ ನಾವು ಅಕ್ಕತಂಗಿ ಗೊಣಗಿದ್ದೇ ಗೊಣಗಿದ್ದು. ಈಗಲೂ ಆ ಮಾತು ವಾಪಸ್ ತಗೊಳ್ಳಲ್ಲ, ಜಿಪುಣನೇ.

ರಾಗಿ ಹೊಲದಲ್ಲಿ ಮಾತ್ರ ಕೈ ಬಿಚ್ಚುತ್ತಿದ್ದ. ರಾಗಿ ನಡುವೆ ಬೇರೆ ಬೆಳೆಯ ಅಕ್ಕಡಿ ಸಾಲು ಇಲ್ಲದೆ ಬಿತ್ತಿದ್ದೇ ಇಲ್ಲ. ಕೂರಿಗೆ ಹಿಂದೆ ನಡೆಯುತ್ತಾ ಅವರೆ, ತೊಗರಿ, ಹುಚ್ಚೆಳ್ಳು ಬಿಡುತ್ತಿದ್ದದ್ದು ಅವ್ವ ಮತ್ತು ನಾವಿಬ್ಬರು ಹುಡುಗಿಯರು. ಕಳೆ ಕಿತ್ತದ್ದೂ ನಾವೇ, ಕೊಯ್ದದ್ದೂ ನಾವೇ. ಅಣ್ಣ, ತಮ್ಮ ಆಗ ಪೇಟೆಯ ಹಾಸ್ಟೆಲ್ಲಿನಲ್ಲಿದ್ದರು. ನಮ್ಮ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ನಿಲ್ಲಿಸಿದ್ದು ಅಪ್ಪನೇ.

ನನ್ನ ಮದುವೆ 1989ರಲ್ಲಿ, ಅಕ್ಕನದ್ದು ಅದಕ್ಕೂ ಮುಂಚೆ. ಈ ಇಸವಿ ಯಾಕೆ ಹೇಳ್ತಿದ್ದೀನಿ ಅಂದರೆ, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಅಂತ ಕರ್ನಾಟಕದಲ್ಲಿ ಕಾನೂನು ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ಕ್ಕೆ. ಅಷ್ಟರೊಳಗೆ ಮದುವೆಯಾದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ಅಪ್ಪ ಬದುಕಿಲ್ಲದಿದ್ದರೂ ಮಗಳ ಹಕ್ಕು ಹೋಗಲ್ಲ ಅಂತ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದ್ದಂತೂ 2020ರ ಆಗಸ್ಟಿನಲ್ಲಿ. ನಮ್ಮ ಮನೆಯಲ್ಲಿ ಪಾಲು ಆದದ್ದು 2002ರಲ್ಲಿ. ಅವತ್ತಿನ ಕಾನೂನಿನ ಪ್ರಕಾರ ನಾವಿಬ್ಬರು ಬಂದು ಊಟ ಮಾಡಿ ಹೋಗಬಹುದಿತ್ತು, ಅಷ್ಟೇ.

ಒಳ್ಳೆ ಕಾಲವೂ ಅಲ್ಲ ಅದು. ನುಸಿ ಬಿದ್ದು ಕಾಯಿ ಮೇಲೆಲ್ಲ ಕಂದು ಕಲೆ, ಗಾತ್ರ ಅರ್ಧಕ್ಕೆ ಇಳಿದಿತ್ತು. ಅಂಥ ಹೊತ್ತಲ್ಲಿ ಅಪ್ಪ ಹೆಣ್ಣುಮಕ್ಕಳಿಗೆ ತಲಾ ಮುಕ್ಕಾಲು ಎಕರೆ ತೋಟ ಅಂದಾಗ ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ಎದ್ದು ನಿಂತರು. "ಮದ್ವೆ ಮಾಡ್ಕೊಟ್ಟಾಯ್ತಲ್ಲೋ, ಅದೇ ಅವ್ರ ಪಾಲು. ಬೇಕಾದ್ರೆ ಅರಿಶಿನ ಕುಂಕುಮಕ್ಕೆ ಅಂತ ಹತ್ತು ಗುಂಟೆ ಬರಿ."

ಅಪ್ಪ ಹೇಳಿದ್ದು ಇಷ್ಟು: "ಮದ್ವೆ ಸಾಲ ತೀರ್ಸಿದ್ದು ಯಾರಣ್ಣ? ಆ ಹುಡ್ಗೀರು ಕೆಲ್ಸ ಮಾಡ್ದಾಗ ನಾನು ಕೂಲಿ ಕೊಟ್ಟಿಲ್ಲ. ಅದನ್ನ ಈಗ ಕೊಡ್ತಿದೀನಿ."

ಕಾನೂನೂ ಅಲ್ಲ, ಮಮತೆಯೂ ಅಲ್ಲ, ಬಾಕಿ ಕೂಲಿಯ ಲೆಕ್ಕ. ನನಗೆ ಅಪ್ಪನ ಮೇಲೆ ಗೌರವ ಹುಟ್ಟಿದ್ದು ಆ ಮಾತಿಗೆ. ಅಣ್ಣ ಸಹಿ ಹಾಕಿದ, ಆಮೇಲೆ ಬಹಳ ಕಾಲ ನಮ್ಮ ಮನೆಗೆ ಬರಲಿಲ್ಲ. ತಮ್ಮ ಗೊಣಗದೆ ಹಾಕಿದ. ಸಮಪಾಲೇನೂ ಅಲ್ಲ, ಗಂಡುಮಕ್ಕಳಿಗೆ ನಮಗಿಂತ ಮೂರು ಪಟ್ಟು ಹೋಯಿತು. ಆದರೂ ಪಹಣಿಯಲ್ಲಿ ಮಾಲೀಕರ ಹೆಸರು ಬರೆಯುವ 9ನೇ ಕಲಂನಲ್ಲಿ ನನ್ನ ಹೆಸರು ಕೂತಿತು. ನಮ್ಮೂರಲ್ಲಿ ಗಂಡ ಸಾಯದೆ ಹೆಂಗಸಿನ ಹೆಸರು ಆ ಕಲಂಗೆ ಏರುತ್ತಿದ್ದದ್ದು ಅಪರೂಪ.

ಅವ್ವನ ಹೆಸರಿಗೆ ಮಾತ್ರ ಒಂದು ಗುಂಟೆಯನ್ನೂ ಬರೆಯಲಿಲ್ಲ. ಕೂಲಿಯ ಲೆಕ್ಕ ಹಾಕಿದ ಮನುಷ್ಯನಿಗೆ ನಾಲ್ಕು ದಶಕ ಪಕ್ಕದಲ್ಲೇ ದುಡಿದವಳ ಕೂಲಿ ಹೊಳೆಯಲಿಲ್ಲ. ಕೇಳಿದ್ದಕ್ಕೆ "ಅವ್ಳಿಗ್ ಯಾಕೆ, ನಾನಿಲ್ವಾ" ಅಂದ. ಸತ್ತವರನ್ನು ನೆನೆಯುವಾಗ ಇದನ್ನೆಲ್ಲ ಎತ್ತಬಾರದು ಅಂತ ತಮ್ಮ ಹೇಳ್ತಾನೆ. ಎತ್ತದಿದ್ದರೆ ಅದು ಇನ್ನೊಂದು ಫ್ಲೆಕ್ಸ್ ಅಷ್ಟೇ.

ಎಷ್ಟೋ ಮನೆಗಳಲ್ಲಿ ಏನಾಗುತ್ತೆ ಅಂತ ಕಂಡಿದ್ದೀನಿ. ತಿಥಿ ಮುಗಿದ ವಾರಕ್ಕೇ ಅಕ್ಕತಂಗಿಯರನ್ನು ಕಾರಿನಲ್ಲಿ ಕೂರಿಸಿಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ, ದಾರಿಯಲ್ಲಿ ಹೋಟೆಲ್ ಊಟ, ಕೈಗೊಂದು ಸೀರೆ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚಿತು ಅನ್ನೋ ಹೆದರಿಕೆ. 2005ರ ಕಾನೂನು ಪುಸ್ತಕದಲ್ಲಿದೆ, ಹೆದರಿಕೆ ಹೊಟ್ಟೆಯಲ್ಲಿದೆ. ಈ ತಕರಾರು ಸತ್ತ ಮೇಲೆ ಮಕ್ಕಳು ಬಗೆಹರಿಸಿಕೊಳ್ಳಲಿ ಅಂತ ಬಿಟ್ಟುಹೋಗುವ ಯಜಮಾನನನ್ನು ‘ಆದರ್ಶ ತಂದೆ’ ಅಂತ ನನ್ನ ಕೈಯಲ್ಲಿ ಕರೆಯಕ್ಕಾಗಲ್ಲ, ಅವನು ಎಷ್ಟೇ ಬೆವರು ಸುರಿಸಿರಲಿ. ಬದುಕಿರುವಾಗಲೇ ತನ್ನ ಅಣ್ಣನ ಎದುರು, ಮಕ್ಕಳ ಎದುರು ಕೆಟ್ಟವನಾಗಿ ಈ ಜಗಳ ಮುಗಿಸಿದ ಒಬ್ಬ ಜಿಪುಣ ನನಗೆ ಸಾಕು.

ಅಪ್ಪ ಹೋದದ್ದು 2023ರಲ್ಲಿ. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸು ಓಡುತ್ತಿತ್ತು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ "ಈಗ ಮಾರ್ಬೇಡಿ" ಅಂತಲೇ ಇದ್ದ. 2025ರಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿತು. ನನ್ನ ಪಾಲಿನ ಮೂವತ್ತು ಚಿಲ್ಲರೆ ಮರದ ಕೊಬ್ಬರಿ ಮಾರಿ, ಅರ್ಧ ದುಡ್ಡು ಅವ್ವನ ಹೆಸರಿಗೆ ಬ್ಯಾಂಕಿನಲ್ಲಿ ಹಾಕಿ ಪಾಸ್‌ಬುಕ್ ಕೈಗೆ ಕೊಟ್ಟೆ. ಅವ್ವ ಅಕ್ಷರ ಓದಲಾರಳು, ಅಂಕಿ ಓದುತ್ತಾಳೆ. ನೋಡಿ ಸೆರಗಿಗೆ ಕಟ್ಟಿಕೊಂಡು ಅಂದಳು: "ನಿಮ್ಮಣ್ಣ, ತಮ್ಮ ಮೂರು ಪಾಲು ತಗಂಡವ್ರಲ್ಲ, ಅವ್ರು ಯಾವಾಗ ಹಾಕ್ತಾರಂತೆ? ಕೇಳು."